ವಕೀಲರಿಲ್ಲದೆ ಹಾಕಿದ ದಾವೆ ಶುರುವಿನಲ್ಲೇ ತಿರಸ್ಕಾರ ಆಗದಿರಲು: ವಾದಪತ್ರ ಬರೆಯುವ ಕ್ರಮ

"ನನ್ನ ಕೇಸು ನಾನೇ ಹಾಕಿಕೊಂಡೆ. ಸಾಕ್ಷಿ ಹೇಳೋಕೂ ಬಿಡಲಿಲ್ಲ, ವಾದಪತ್ರವನ್ನೇ ತಿರಸ್ಕರಿಸಿಬಿಟ್ಟರು. ಈಗ ಏನು ಮಾಡೋದು?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೆಲವರು ದಾವೆ ಹಾಕುವ ಮೊದಲು ಕೇಳುತ್ತಾರೆ, ಜಾಸ್ತಿ ಜನ ಕೈಸುಟ್ಟುಕೊಂಡ ಮೇಲೆ. ಇಬ್ಬರಿಗೂ ಆಗುವಂತೆ ಬರೆದಿದ್ದೇನೆ. ಇಲ್ಲಿ ಹೇಳುವುದು ಕರ್ನಾಟಕದ ಸಿವಿಲ್ ಕೋರ್ಟುಗಳಲ್ಲಿ ಹಾಕುವ ಮಾಮೂಲಿ ದಾವೆಗಳ ಬಗ್ಗೆ: ಜಮೀನು, ಮನೆ, ಕೈಸಾಲ, ಕರಾರು.

ವಕೀಲರನ್ನು ಇಟ್ಟುಕೊಳ್ಳದೆ ದಾವೆ ಹಾಕುವುದು ನಿಮ್ಮ ಹಕ್ಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ ಎಲ್ಲರೂ ಸಿ.ಪಿ.ಸಿ. ಅನ್ನುವ ಕಾಯ್ದೆಯೇ ಅದಕ್ಕೆ ಅವಕಾಶ ಕೊಟ್ಟಿದೆ. ಹೀಗೆ ತಾವೇ ನಡೆಸುವವರನ್ನು ಕೋರ್ಟಿನಲ್ಲಿ 'ಪಾರ್ಟಿ ಇನ್ ಪರ್ಸನ್' ಅನ್ನುತ್ತಾರೆ. ಕೆಳಗಿನ ಕೋರ್ಟುಗಳಲ್ಲಿ ಕನ್ನಡದಲ್ಲೇ ಬರೆದು ಕೊಡಬಹುದು. ಹಾಗಾದರೆ ತಿರಸ್ಕಾರ ಯಾಕೆ ಆಗುತ್ತದೆ? ಯಾರು ಏನು ಮಾಡಿದರು, ಯಾವತ್ತು ಮಾಡಿದರು, ಅದರಿಂದ ನಿಮ್ಮ ಯಾವ ಹಕ್ಕಿಗೆ ಪೆಟ್ಟಾಯಿತು, ಕೋರ್ಟು ಈಗ ಏನು ಮಾಡಬೇಕು ಎಂಬುದು ನೀವು ಕೊಟ್ಟ ಕಾಗದದಲ್ಲಿ ಕಾಣಿಸದೇ ಇದ್ದರೆ. ಅನ್ಯಾಯ ನಿಜವಾಗಿಯೂ ಆಗಿದ್ದು, ಬರವಣಿಗೆ ಗೋಜಲಾದ ಕಾರಣಕ್ಕೆ ಬರಿಗೈಲಿ ವಾಪಸಾದವರನ್ನು ನೋಡಿದರೆ ಬೇಸರವಾಗುತ್ತದೆ. ಇದು ತಪ್ಪಿಸಬಹುದಾದ ನಷ್ಟ.

ಮೊದಲು ಕೆಲವು ಪದ ತಿಳಿದುಕೊಳ್ಳಿ

ವಾದಪತ್ರ ಅಂದರೆ ದಾವೆ ಶುರುಮಾಡುವ ಮೂಲ ಕಾಗದ. ಕೋರ್ಟಿನ ಆವರಣದಲ್ಲಿ ಇದನ್ನೇ ಪ್ಲೇಂಟ್ ಅನ್ನುವುದು. ದಾವೆ ಹಾಕಿದವರು ವಾದಿ, ಎದುರಿನವರು ಪ್ರತಿವಾದಿ. ವ್ಯಾಜ್ಯಕಾರಣ ಅಂದರೆ ದಾವೆ ಹಾಕುವ ಹಕ್ಕನ್ನು ನಿಮಗೆ ಕೊಟ್ಟ ಘಟನೆಗಳು. ಪರಿಹಾರ ಅಂದರೆ ಕೋರ್ಟಿನಿಂದ ನೀವು ಕೇಳುತ್ತಿರುವ ಆದೇಶ.

ತಿರಸ್ಕಾರ, ವಾಪಸು, ವಜಾ ಈ ಮೂರೂ ಬೇರೆ ಬೇರೆ. ಸಿ.ಪಿ.ಸಿ. ಆರ್ಡರ್ 7 ರೂಲ್ 11ರಲ್ಲಿ (ಇಲ್ಲಿ ಆರ್ಡರ್ ಅಂದರೆ ಸಿ.ಪಿ.ಸಿ.ಯ ಒಂದು ಅಧ್ಯಾಯ, ರೂಲ್ ಅಂದರೆ ಅದರೊಳಗಿನ ನಿಯಮ) ವಾದಪತ್ರವನ್ನು ವಿಚಾರಣೆಗೆ ಮೊದಲೇ ನಿರಾಕರಿಸಿದರೆ ಅದು ತಿರಸ್ಕಾರ. "ಇದು ನಮ್ಮ ಕೋರ್ಟಿನ ವ್ಯಾಪ್ತಿಗೆ ಬರುವುದಿಲ್ಲ, ಸರಿಯಾದ ಕೋರ್ಟಿಗೆ ಹೋಗಿ" ಅಂತ ರೂಲ್ 10ರಲ್ಲಿ ಹಿಂದಿರುಗಿಸಿದರೆ ವಾಪಸು. ಪೂರ್ತಿ ವಿಚಾರಣೆ ಮಾಡಿ ನಿಮ್ಮ ವಿರುದ್ಧ ತೀರ್ಪು ಬಂದರೆ, ಅಥವಾ ನೀವು ಹಾಜರಾಗದೆ ಕೇಸು ಬಿದ್ದುಹೋದರೆ ವಜಾ. ಮುಂದಿನ ದಾರಿ ಯಾವುದು ಅನ್ನುವುದು ಇದರ ಮೇಲೇ ನಿಂತಿದೆ. ಹಾಗಾಗಿ ಆದೇಶದ ಪ್ರತಿ ಕೈಗೆ ಬಂದ ತಕ್ಷಣ ಕೊನೆಯ ಪ್ಯಾರಾ ಓದಿ.

ಹಂತ 1: ಇದು ಸಿವಿಲ್ ಕೋರ್ಟಿನ ಕೆಲಸವೇ?

ಎಲ್ಲ ತಕರಾರೂ ಸಿವಿಲ್ ಕೋರ್ಟಿಗೆ ಹೋಗುವುದಿಲ್ಲ. ಖಾತೆ, ಪಹಣಿ ಬದಲಾವಣೆಯ ತಕರಾರಿಗೆ ತಹಶೀಲ್ದಾರ್, ಅಲ್ಲಿಂದ ಉಪವಿಭಾಗಾಧಿಕಾರಿ. ಸಹಕಾರ ಸಂಘದ ವ್ಯವಹಾರದ ವ್ಯಾಜ್ಯಕ್ಕೆ 1959ರ ಸಹಕಾರ ಸಂಘಗಳ ಕಾಯ್ದೆಯಲ್ಲೇ ಬೇರೆ ದಾರಿ ಇದೆ. ರಸ್ತೆ ಅಪಘಾತದ ಪರಿಹಾರಕ್ಕೆ ಮೋಟಾರು ಅಪಘಾತ ನ್ಯಾಯಮಂಡಳಿ. ಕೊಂಡ ವಸ್ತುವಿನಲ್ಲಿ ದೋಷ ಇದ್ದರೆ ಗ್ರಾಹಕ ಆಯೋಗಕ್ಕೆ ಹೋಗುವುದು ಸುಲಭ. ಎದುರಿನವರನ್ನು ಜೈಲಿಗೆ ಹಾಕಿಸಿ ಅಂತ ಸಿವಿಲ್ ದಾವೆಯಲ್ಲಿ ಕೇಳುವವರಿದ್ದಾರೆ. ಅದು ಪೊಲೀಸರು ಮತ್ತು ಕ್ರಿಮಿನಲ್ ಕೋರ್ಟಿನ ಕೆಲಸ.

ಎಚ್ಚರಿಕೆ: ಪ್ರತಿವಾದಿ ಸರ್ಕಾರವಾದರೆ, ಅಥವಾ ಸರ್ಕಾರಿ ಅಧಿಕಾರಿ ಕರ್ತವ್ಯದ ಮೇಲೆ ಮಾಡಿದ ಕೆಲಸದ ಬಗ್ಗೆ ದಾವೆಯಾದರೆ, ಸಿ.ಪಿ.ಸಿ. ಸೆಕ್ಷನ್ 80ರ ಪ್ರಕಾರ ಮೊದಲು ನೋಟಿಸ್ ಕೊಟ್ಟು 2 ತಿಂಗಳು ಕಾಯಬೇಕು. ನೋಟಿಸ್ ಕೊಟ್ಟಿದ್ದೇನೆ ಅಂತ ವಾದಪತ್ರದಲ್ಲೂ ಬರೆಯಬೇಕು. ತೀರಾ ತುರ್ತಾದರೆ ಕೋರ್ಟಿನ ಅನುಮತಿ ಕೇಳಿ ನೋಟಿಸ್ ಇಲ್ಲದೆ ಹಾಕಬಹುದು. ₹3 ಲಕ್ಷ ಅಥವಾ ಅದಕ್ಕೂ ಜಾಸ್ತಿಯ ವಾಣಿಜ್ಯ ವ್ಯಾಜ್ಯಕ್ಕೆ, ತುರ್ತು ಆದೇಶ ಬೇಕಿಲ್ಲದಿದ್ದರೆ, ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಹೋಗದೆ ಹಾಕಿದ ವಾದಪತ್ರ ತಿರಸ್ಕಾರಕ್ಕೆ ಗುರಿಯಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಹಂತ 2: ಕಾಲಮಿತಿ ಲೆಕ್ಕ ಹಾಕಿ

ಪೆನ್ನು ಹಿಡಿಯುವ ಮೊದಲು ಕ್ಯಾಲೆಂಡರ್ ಹಿಡಿಯಿರಿ. ಯಾವ ದಾವೆಯನ್ನು ಎಷ್ಟು ಕಾಲದೊಳಗೆ ಹಾಕಬೇಕು ಅಂತ 1963ರ ಲಿಮಿಟೇಶನ್ ಕಾಯ್ದೆ ಹೇಳುತ್ತದೆ. ಹಣದ ದಾವೆ, ಕರಾರು ಜಾರಿ, ಹಕ್ಕಿನ ಘೋಷಣೆ, ಕ್ರಯಪತ್ರ ರದ್ದತಿ ಇವಕ್ಕೆ ಸಾಮಾನ್ಯವಾಗಿ 3 ವರ್ಷ. ಮಾಲೀಕತ್ವದ ಆಧಾರದ ಮೇಲೆ ಜಮೀನಿನ ಸ್ವಾಧೀನ ವಾಪಸು ಕೇಳಲು 12 ವರ್ಷ. ಅವಧಿ ಮೀರಿದ್ದು ನಿಮ್ಮ ಬರವಣಿಗೆಯಿಂದಲೇ ಕಂಡರೆ ವಾದಪತ್ರ ತಿರಸ್ಕಾರವಾಗಬಹುದು. ಎದುರಿನವರು ತಕರಾರು ಎತ್ತದಿದ್ದರೂ ಕೋರ್ಟು ಇದನ್ನು ನೋಡಲೇಬೇಕು.

ಎಡವುವುದು ಹೆಚ್ಚಾಗಿ ಈ ಮೂರು ಕಡೆ. ಇಂಥ ದಿನ ತೀರಿಸಬೇಕು ಎಂಬ ಕರಾರಿಲ್ಲದ ಕೈಸಾಲಕ್ಕೆ ಹಣ ಕೊಟ್ಟ ದಿನದಿಂದಲೇ 3 ವರ್ಷ ಓಡಲು ಶುರುವಾಗುತ್ತದೆ, ನೀವು ವಾಪಸು ಕೇಳಿದ ದಿನದಿಂದ ಅಲ್ಲ. ಎರಡನೆಯದು, ಲೀಗಲ್ ನೋಟಿಸ್ ಕಳಿಸಿದರೆ ಅವಧಿ ಮುಂದಕ್ಕೆ ಹೋಗುತ್ತದೆ ಅನ್ನುವ ನಂಬಿಕೆ. ಹೋಗುವುದಿಲ್ಲ. ಅವಧಿ ಮುಗಿಯುವ ಮೊದಲು ಸಾಲಗಾರ "ಇಷ್ಟು ಬಾಕಿ ಇದೆ" ಅಂತ ಬರೆದು ಸಹಿ ಮಾಡಿಕೊಟ್ಟಿದ್ದರೆ ಮಾತ್ರ ಹೊಸದಾಗಿ ಲೆಕ್ಕ ಶುರುವಾಗುತ್ತದೆ. ಸ್ವಲ್ಪ ಹಣ ಕಟ್ಟಿ ಅದಕ್ಕೆ ತನ್ನ ಕೈಬರಹದ ಅಥವಾ ಸಹಿಯ ಗುರುತು ಬಿಟ್ಟಿದ್ದರೂ ಹಾಗೆಯೇ. ಮೂರನೆಯದು, "ತಡವಾಗಿದೆ, ಮನ್ನಿಸಿ" ಅಂತ ಅರ್ಜಿ ಹಾಕಿದರಾಯಿತು ಅನ್ನುವುದು. ಆ ಮನ್ನಣೆ ಮೇಲ್ಮನವಿಗೆ ಮತ್ತು ಕೆಲವು ಅರ್ಜಿಗಳಿಗೆ ಇದೆ, ಮೂಲ ದಾವೆಗೆ ಇಲ್ಲ. ಕೊನೆಯ ದಿನ ಕೋರ್ಟಿಗೆ ರಜೆ ಬಿದ್ದರೆ ಬಾಗಿಲು ತೆಗೆದ ದಿನವೇ ಹಾಕಬಹುದು, ಅಷ್ಟೆ.

ಹಂತ 3: ಏನು ಬೇಕು ಅನ್ನುವುದನ್ನು ಮೊದಲು ಬರೆಯಿರಿ

ವಾದಪತ್ರದಲ್ಲಿ ಪರಿಹಾರ ಬರುವುದು ಕೊನೆಗೆ. ಆದರೆ ನೀವು ಅದನ್ನೇ ಮೊದಲು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. "ಸೂಕ್ತ ನ್ಯಾಯ ಕೊಡಿಸಬೇಕು" ಅನ್ನುವುದರ ಮೇಲೆ ಕೋರ್ಟು ಏನನ್ನೂ ಜಾರಿ ಮಾಡಲು ಆಗುವುದಿಲ್ಲ. "ಬಿ ಷೆಡ್ಯೂಲಿನ 2 ಗುಂಟೆ ಜಾಗದ ಸ್ವಾಧೀನವನ್ನು ವಾದಿಗೆ ಬಿಟ್ಟುಕೊಡುವಂತೆ ಪ್ರತಿವಾದಿಗೆ ಆದೇಶಿಸಬೇಕು" ಅಂದರೆ ಜಾರಿ ಮಾಡಬಹುದು. (ಷೆಡ್ಯೂಲ್ ಅಂದರೆ ವಾದಪತ್ರದಲ್ಲಿ ಕೊಡುವ ಆಸ್ತಿಯ ವಿವರ. ಹಂತ 5 ನೋಡಿ.) ಹಣವಾದರೆ ಅಸಲು ಎಷ್ಟು, ಬಡ್ಡಿ ಯಾವ ದರದಲ್ಲಿ ಯಾವ ದಿನದಿಂದ, ಒಟ್ಟು ಎಷ್ಟು ಅಂತ ಅಂಕಿ ಕೊಡಿ.

ಕೈಬಿಟ್ಟು ಹೋದ ಜಾಗಕ್ಕೆ ಬರೀ ತಡೆಯಾಜ್ಞೆ ಕೇಳುವುದು ತುಂಬಾ ಸಾಮಾನ್ಯವಾದ ತಪ್ಪು. ಶಾಶ್ವತ ನಿರ್ಬಂಧಕಾಜ್ಞೆ, ಅಂದರೆ ಇಂಜಂಕ್ಷನ್, ನಿಮ್ಮ ಸ್ವಾಧೀನದಲ್ಲಿ ಇರುವುದನ್ನು ಕಾಪಾಡಿಕೊಳ್ಳಲು. ಬೇಲಿ ಹಾಕಿ ಜಾಗ ಒಳಗೆ ಸೇರಿಸಿಕೊಂಡಾಗಿದ್ದರೆ ಸ್ವಾಧೀನ ವಾಪಸು ಕೇಳಬೇಕು. ನಿಮ್ಮ ಮಾಲೀಕತ್ವವನ್ನೇ ಎದುರಿನವರು ಗಂಭೀರವಾಗಿ ಪ್ರಶ್ನಿಸಿದ್ದರೆ ಹಕ್ಕಿನ ಘೋಷಣೆಯನ್ನೂ ಸೇರಿಸಬೇಕು. ಘೋಷಣೆ ಮಾತ್ರ ಕೇಳಿ ಸ್ವಾಧೀನ ಬಿಟ್ಟರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 34 ಅಡ್ಡ ಬರುತ್ತದೆ. ಒಂದೇ ಘಟನೆಯಿಂದ ಕೇಳಬಹುದಾದ್ದನ್ನೆಲ್ಲ ಒಂದೇ ದಾವೆಯಲ್ಲಿ ಕೇಳಿ. "ಇದು ಆಗಲಿ, ಅದನ್ನು ಆಮೇಲೆ ಕೇಳೋಣ" ಅಂದರೆ ಆರ್ಡರ್ 2 ರೂಲ್ 2 ಪ್ರಕಾರ ಆಮೇಲೆ ಕೇಳಲು ಬಿಡದೇ ಇರಬಹುದು.

ಹಂತ 4: ಘಟನೆಗಳನ್ನು ಬರೆಯುವುದು

ವಾದಪತ್ರದ ಜೀವ ಇರುವುದು ಇಲ್ಲಿ. ಆರ್ಡರ್ 6 ರೂಲ್ 2 ಕೇಳುವುದು ಇಷ್ಟು: ಮುಖ್ಯ ಸಂಗತಿಗಳನ್ನು ಚುಟುಕಾಗಿ ಬರೆಯಿರಿ, ಸಾಕ್ಷ್ಯವನ್ನು ಬರೆಯಬೇಡಿ, ಪ್ಯಾರಾಗಳಿಗೆ ನಂಬರ್ ಹಾಕಿ, ದಿನಾಂಕ, ಮೊತ್ತ, ಸಂಖ್ಯೆಗಳನ್ನು ಅಂಕಿ ಮತ್ತು ಅಕ್ಷರ ಎರಡರಲ್ಲೂ ಕೊಡಿ.

ಗೋಜಲಾದ ಬರವಣಿಗೆ ಸಾಮಾನ್ಯವಾಗಿ ಹೀಗಿರುತ್ತದೆ. ಇದು ನಾನು ಮಾದರಿಗೆಂದು ಬರೆದದ್ದು:

"ಪ್ರತಿವಾದಿಯು ಹಲವು ವರ್ಷಗಳಿಂದ ನನಗೆ ಹಿಂಸೆ ಕೊಡುತ್ತಾ ಬಂದಿದ್ದು, ಅವರ ತಂದೆಯ ಕಾಲದಿಂದಲೂ ನಮ್ಮ ಮನೆತನದ ಮೇಲೆ ಹಗೆ ಸಾಧಿಸುತ್ತಿದ್ದು, ಅಧಿಕಾರಿಗಳನ್ನು ಬುಟ್ಟಿಗೆ ಹಾಕಿಕೊಂಡು ಮೋಸದಿಂದ ನನ್ನ ಜಮೀನು ಕಬಳಿಸಿ ಸಂವಿಧಾನ ಕೊಟ್ಟ ಹಕ್ಕನ್ನು ಉಲ್ಲಂಘಿಸಿದ್ದರಿಂದ ಘನ ನ್ಯಾಯಾಲಯವು ತಕ್ಕ ಕ್ರಮ ಕೈಗೊಳ್ಳಬೇಕು."

ನೋವು ನಿಜವೇ ಇರಬಹುದು. ಆದರೆ ಓದುವ ನ್ಯಾಯಾಧೀಶರಿಗೆ ಯಾವ ಜಮೀನು, ಎಷ್ಟು ಜಾಗ, ಯಾವತ್ತು, ಏನು ಮಾಡಿದರು ಒಂದೂ ಸಿಗುವುದಿಲ್ಲ. ಅದೇ ಸಂಗತಿಯನ್ನು ಹೀಗೆ ಬರೆಯಬಹುದು:

"3. ಎ ಷೆಡ್ಯೂಲ್ ಆಸ್ತಿಯು ವಾದಿಗೆ ದಿನಾಂಕ 14-06-2011ರ ನೋಂದಾಯಿತ ವಿಭಾಗ ಪತ್ರದ ಮೂಲಕ ಬಂದಿದೆ. ಅಂದಿನಿಂದ ವಾದಿಯೇ ಸ್ವಾಧೀನದಲ್ಲಿದ್ದಾರೆ. ಪಹಣಿ ವಾದಿಯ ಹೆಸರಿನಲ್ಲಿದೆ.

4. ಇದರ ಪೂರ್ವಕ್ಕಿರುವ ಜಮೀನು ಪ್ರತಿವಾದಿಯದು. ಎರಡರ ನಡುವೆ ಬದು ಇತ್ತು.

5. ದಿನಾಂಕ 09-02-2024ರಂದು ಪ್ರತಿವಾದಿಯು ಜೆಸಿಬಿಯಿಂದ ಬದು ಕೆಡವಿ, ವಾದಿಯ ಜಮೀನಿನೊಳಗೆ ಕಲ್ಲುಕಂಬ ನೆಟ್ಟು ತಂತಿಬೇಲಿ ಹಾಕಿದ್ದಾರೆ. ಹೀಗೆ ಒಳಗೆ ಸೇರಿಸಿಕೊಂಡ ಜಾಗ 2 (ಎರಡು) ಗುಂಟೆ. ಅದೇ ಬಿ ಷೆಡ್ಯೂಲ್.

6. ವಾದಿಯ ಅರ್ಜಿಯ ಮೇರೆಗೆ ಸರ್ವೆಯರ್ ದಿನಾಂಕ 22-04-2024ರಂದು ಹದ್ದುಬಸ್ತು ಅಳತೆ ಮಾಡಿದ್ದಾರೆ. ಅವರು ಕೊಟ್ಟ ನಕ್ಷೆಯಲ್ಲಿ ಒತ್ತುವರಿ ಗುರುತಾಗಿದೆ.

7. ಬೇಲಿ ತೆಗೆಯುವಂತೆ ದಿನಾಂಕ 10-05-2024ರಂದು ನೋಂದಾಯಿತ ಅಂಚೆಯಲ್ಲಿ ನೋಟಿಸ್ ಕಳಿಸಲಾಗಿದೆ. ಪ್ರತಿವಾದಿ ತೆಗೆದಿಲ್ಲ."

ಐದು ಪ್ಯಾರಾ, ಒಂದೊಂದರಲ್ಲಿ ಒಂದೊಂದೇ ವಿಷಯ. ಪ್ರತಿವಾದಿ ಉತ್ತರ ಕೊಡುವಾಗ ಒಂದೊಂದು ಪ್ಯಾರಾಕ್ಕೂ ಹೌದು ಅಥವಾ ಅಲ್ಲ ಅನ್ನಲೇಬೇಕಾಗುತ್ತದೆ. ಅದು ನಿಮಗೇ ಲಾಭ.

ಇದಾದ ಮೇಲೆ ವ್ಯಾಜ್ಯಕಾರಣದ ಪ್ಯಾರಾ. ಬಹಳ ಜನ ಹಳೇ ಕೇಸಿನ ಜೆರಾಕ್ಸಿನಿಂದ "ಪ್ರತಿವಾದಿಯು ನಿರಾಕರಿಸಿದ ದಿನದಂದು ವ್ಯಾಜ್ಯಕಾರಣ ಉದ್ಭವಿಸಿದೆ" ಅನ್ನುವ ಸಾಲನ್ನು ಹಾಗೇ ಇಳಿಸುತ್ತಾರೆ. ಯಾವ ದಿನ? ಎಲ್ಲಿ? ಅದನ್ನು ಬರೆಯಿರಿ: "8. ವ್ಯಾಜ್ಯಕಾರಣವು ದಿನಾಂಕ 09-02-2024ರಂದು, ಪ್ರತಿವಾದಿ ಬದು ಕೆಡವಿ ಬೇಲಿ ಹಾಕಿದಾಗ, ಈ ನ್ಯಾಯಾಲಯದ ವ್ಯಾಪ್ತಿಯ ಇಂಥ ಗ್ರಾಮದಲ್ಲಿ ಉದ್ಭವಿಸಿದೆ."

ಮೋಸ, ಬಲವಂತ, ನಂಬಿಕೆದ್ರೋಹ ಅನ್ನುವ ಮಾತು ಬಳಸುವುದಾದರೆ ಆರ್ಡರ್ 6 ರೂಲ್ 4 ನೆನಪಿರಲಿ. ಯಾರು, ಯಾವ ದಿನ, ಏನು ಹೇಳಿ, ಯಾವ ಕಾಗದಕ್ಕೆ ಸಹಿ ಹಾಕಿಸಿಕೊಂಡರು ಅಂತ ವಿವರ ಕೊಡಬೇಕು. ಸುಮ್ನೆ "ಮೋಸ ಮಾಡಿದ್ದಾರೆ" ಅಂದರೆ ನಿಲ್ಲುವುದಿಲ್ಲ. ಬೈಗುಳ, ಎದುರಿನವರ ನಡತೆ, ಕೋರ್ಟಿನ ಸಿಬ್ಬಂದಿ ಮೇಲಿನ ಸಿಟ್ಟು ಇವನ್ನೆಲ್ಲ ಹೊರಗಿಡಿ. ಅಂಥ ಸಾಲುಗಳನ್ನು ರೂಲ್ 16ರಲ್ಲಿ ಕೋರ್ಟು ಹೊಡೆದು ಹಾಕಬಹುದು. ವಾಟ್ಸ್‌ಆ್ಯಪ್ ಮಾತುಕತೆಯನ್ನು ಪೂರ್ತಿ ಇಳಿಸಬೇಡಿ. "ಇಂಥ ದಿನ ವಾಟ್ಸ್‌ಆ್ಯಪ್ ಮೂಲಕ ಸಾಲ ಒಪ್ಪಿಕೊಂಡಿದ್ದಾರೆ" ಅಂದರೆ ಸಾಕು. ಉಳಿದದ್ದು ಸಾಕ್ಷ್ಯದ ಹೊತ್ತಿಗೆ.

ಇನ್ನೊಂದು ಕಡೆಯ ಅಪಾಯವೂ ಇದೆ. ಇಲ್ಲದ ವ್ಯಾಜ್ಯಕಾರಣವನ್ನು ಜಾಣತನದಿಂದ ಇದ್ದಂತೆ ತೋರಿಸಲು ಹೋಗಬೇಡಿ. 1977ರಲ್ಲಿ ಬೆಂಗಳೂರಿನ ಮುನ್ಸಿಫ್ ಕೋರ್ಟಿನಲ್ಲಿದ್ದ ದಾವೆಯೊಂದರ ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ, ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇಂಥ ದಾವೆಗಳನ್ನು ಮೊಳಕೆಯಲ್ಲೇ ಚಿವುಟಬೇಕು, ವಾದಪತ್ರವನ್ನು ಅರ್ಥ ಹಿಡಿದು ಓದಬೇಕು ಎಂದು ಕೆಳಗಿನ ಕೋರ್ಟುಗಳಿಗೆ ಹೇಳಿದರು. ವಾದಪತ್ರ ತಿರಸ್ಕರಿಸಿ ಅಂತ ಕೇಳುವ ಆರ್ಡರ್ 7 ರೂಲ್ 11ರ ಅರ್ಜಿಗಳಲ್ಲಿ ಇವತ್ತಿಗೂ ಆ ತೀರ್ಪನ್ನು ಎತ್ತಿ ಹೇಳುತ್ತಾರೆ.

ಹಂತ 5: ಆಸ್ತಿಯ ಷೆಡ್ಯೂಲ್

ಸರ್ವೆ ನಂಬರ್, ಹಿಸ್ಸಾ, ಗ್ರಾಮ, ಹೋಬಳಿ, ತಾಲ್ಲೂಕು, ವಿಸ್ತೀರ್ಣ, ನಾಲ್ಕು ದಿಕ್ಕಿನ ಚೆಕ್ಕುಬಂದಿ. ತಕರಾರು ಇರುವುದು ಒಂದು ತುಂಡಿನ ಮೇಲೆ ಮಾತ್ರ ಆದರೆ ಇಡೀ ಜಮೀನನ್ನು ಎ ಷೆಡ್ಯೂಲ್, ಆ ತುಂಡನ್ನು ಬಿ ಷೆಡ್ಯೂಲ್ ಮಾಡಿ, ಕೈನಕ್ಷೆ ಲಗತ್ತಿಸಿ. ಪತ್ರದಲ್ಲಿರುವ ಚೆಕ್ಕುಬಂದಿಗೂ ನೀವು ಬರೆದದ್ದಕ್ಕೂ ತಾಳೆಯಾಗಬೇಕು. ಪಕ್ಕದ ಜಮೀನು ಕೈ ಬದಲಾಗಿದ್ದರೆ "ಹಿಂದೆ ಇಂಥವರದು, ಈಗ ಇಂಥವರದು" ಅಂತ ಎರಡೂ ಹೇಳಿ.

ಹಂತ 6: ಮೌಲ್ಯ ಮತ್ತು ಕೋರ್ಟ್ ಫೀ

ಕರ್ನಾಟಕದಲ್ಲಿ ಇದಕ್ಕೆ 1958ರ ಕೋರ್ಟ್ ಫೀ ಮತ್ತು ದಾವೆಗಳ ಮೌಲ್ಯಮಾಪನ ಕಾಯ್ದೆ ಇದೆ. ಹಣದ ದಾವೆ, ನಿರ್ಬಂಧಕಾಜ್ಞೆ, ಘೋಷಣೆ, ವಿಭಾಗ (ಆಸ್ತಿ ಪಾಲು) ಒಂದೊಂದಕ್ಕೂ ಲೆಕ್ಕ ಬೇರೆ. ಯಾವ ಸೆಕ್ಷನ್ ಪ್ರಕಾರ ಎಷ್ಟು ಮೌಲ್ಯ, ಎಷ್ಟು ಫೀ ಅಂತ ವಾದಪತ್ರದಲ್ಲಿ ಒಂದು ಪ್ಯಾರಾ ಬರೆಯಿರಿ. ಜಮೀನಿನ ದಾವೆಗೆ ವ್ಯಾಲ್ಯುಯೇಶನ್ ಸ್ಲಿಪ್ ಬೇರೆ ಕೊಡಬೇಕು. ಯಾವ ದರ್ಜೆಯ ಕೋರ್ಟಿಗೆ ಹಾಕಬೇಕು ಅನ್ನುವುದೂ ಈ ಮೌಲ್ಯದ ಮೇಲೇ ತೀರ್ಮಾನವಾಗುತ್ತದೆ. ಬೆಂಗಳೂರು ನಗರದವರಿಗೆ ಸಿಟಿ ಸಿವಿಲ್ ಕೋರ್ಟ್.

ಫೀ ಕಮ್ಮಿ ಬಿದ್ದರೆ ಗಾಬರಿ ಬೇಡ. ಕೋರ್ಟು ಮೊದಲು ಕಟ್ಟಲು ಗಡುವು ಕೊಡುತ್ತದೆ. ಆ ಗಡುವು ದಾಟಿಸಿದರೆ ಮಾತ್ರ ತಿರಸ್ಕಾರ. ಫೀ ಕಟ್ಟುವ ಶಕ್ತಿಯೇ ಇಲ್ಲದಿದ್ದರೆ ಆರ್ಡರ್ 33ರಲ್ಲಿ ನಿರ್ಗತಿಕ ವಾದಿಯಾಗಿ ಅರ್ಜಿ ಹಾಕಬಹುದು.

ಹಂತ 7: ಸಹಿ, ಸತ್ಯಾಪನೆ, ದಾಖಲೆ

ಪ್ರತಿ ಪುಟಕ್ಕೂ ಸಹಿ ಹಾಕಿ. ಕೊನೆಗೆ ಸತ್ಯಾಪನೆ, ಅಂದರೆ ಯಾವ ಯಾವ ಪ್ಯಾರಾ ನಿಮಗೆ ಸ್ವಂತವಾಗಿ ಗೊತ್ತು, ಯಾವುದು ಬೇರೆಯವರಿಂದ ತಿಳಿದು ನಂಬಿದ್ದು ಅನ್ನುವುದನ್ನು ನಂಬರ್ ಸಮೇತ ಹೇಳಿ, ದಿನಾಂಕ, ಸ್ಥಳ ಬರೆದು ಸಹಿ. ಇದರ ಜೊತೆ ಪ್ರಮಾಣಪತ್ರ, ಅಂದರೆ ಅಫಿಡವಿಟ್, 2002ರಿಂದ ಕಡ್ಡಾಯ. ದಾಖಲೆಗಳ ಪಟ್ಟಿ ಮಾಡಿ ಜೊತೆಗೇ ಕೊಡಿ. ಆಮೇಲೆ ಕೊಡುವುದಾದರೆ ಕೋರ್ಟಿನ ಅನುಮತಿ ಬೇಕು. ಪ್ರತಿವಾದಿಗಳು ಎಷ್ಟು ಜನರೋ ಅಷ್ಟು ಹೆಚ್ಚುವರಿ ಪ್ರತಿ, ಸಮನ್ಸ್ ಕಳಿಸಲು ಪ್ರೊಸೆಸ್ ಫೀ.

ಹಂತ 8: ಕೊಟ್ಟ ಮೇಲೆ

ಕಚೇರಿಯಲ್ಲಿ ಕಾಗದ ಪರಿಶೀಲಿಸಿ ಕೊರತೆಗಳನ್ನು ಬರೆಯುತ್ತಾರೆ. ಇದಕ್ಕೆ ಆಫೀಸ್ ಆಬ್ಜೆಕ್ಷನ್ ಅನ್ನುತ್ತಾರೆ. ಇದು ತಿರಸ್ಕಾರ ಅಲ್ಲ. ಬರೆದದ್ದನ್ನು ಸರಿಪಡಿಸಿ ಕೊಟ್ಟರೆ ಓ.ಎಸ್. ನಂಬರ್, ಅಂದರೆ ಮೂಲ ದಾವೆಯ ಸಂಖ್ಯೆ ಬೀಳುತ್ತದೆ. ಆ ನಂಬರ್ ಮತ್ತು ಸಿ.ಎನ್.ಆರ್. ನಂಬರ್ (ಕಂಪ್ಯೂಟರಿನಲ್ಲಿ ಕೇಸು ಹುಡುಕುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಮುಂದಿನ ದಿನಾಂಕವನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ನೋಡುತ್ತಿರಿ. ಪ್ರತಿವಾದಿ ಬಂದು ನೀವು ಬಾರದಿದ್ದರೆ ದಾವೆ ವಜಾ ಆಗುತ್ತದೆ, ಅದೇ ಕಾರಣಕ್ಕೆ ಹೊಸ ದಾವೆ ಹಾಕಲೂ ಬಿಡುವುದಿಲ್ಲ. ತಕ್ಕ ಕಾರಣ ತೋರಿಸಿ 30 ದಿನದೊಳಗೆ ಮತ್ತೆ ತೆಗೆದುಕೊಳ್ಳಲು ಅರ್ಜಿ ಹಾಕುವುದು ಒಂದೇ ದಾರಿ.

ಹಂತ 9: "ವಾದಪತ್ರ ತಿರಸ್ಕರಿಸಿ" ಅಂತ ಎದುರಿನವರು ಅರ್ಜಿ ಹಾಕಿದರೆ

ರೂಲ್ 11ರ ಅರ್ಜಿ ಯಾವ ಹಂತದಲ್ಲಾದರೂ ಬರಬಹುದು. ನೀವು ಬರೆದು ತಕರಾರು ಸಲ್ಲಿಸಬೇಕು. ಇಲ್ಲಿ ನಿಮಗೆ ಒಂದು ದೊಡ್ಡ ಆಸರೆ ಇದೆ. ಈ ಅರ್ಜಿ ತೀರ್ಮಾನಿಸುವಾಗ ಕೋರ್ಟು ವಾದಪತ್ರವನ್ನು ಮತ್ತು ಅದರ ಜೊತೆ ಕೊಟ್ಟ ದಾಖಲೆಗಳನ್ನು ಮಾತ್ರ ನೋಡುತ್ತದೆ. ಪ್ರತಿವಾದಿ ತನ್ನ ಉತ್ತರದಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಹಾಗಾಗಿ ಅವರ ಕಥೆಗೆ ಉತ್ತರ ಕೊಡುತ್ತಾ ಕೂರಬೇಡಿ. "ವ್ಯಾಜ್ಯಕಾರಣ ಪ್ಯಾರಾ 5 ಮತ್ತು 8ರಲ್ಲಿದೆ, ಅವಧಿಯ ಲೆಕ್ಕ ಪ್ಯಾರಾ 8ರಲ್ಲಿದೆ" ಅಂತ ಬೆರಳಿಟ್ಟು ತೋರಿಸಿ.

ಓದಿದಾಗ ಕೊರತೆ ಇದೆ ಅಂತ ನಿಮಗೇ ಅನ್ನಿಸಿದರೆ ತಡಮಾಡದೆ ಆರ್ಡರ್ 6 ರೂಲ್ 17ರಲ್ಲಿ ತಿದ್ದುಪಡಿ ಅರ್ಜಿ ಹಾಕಿ. ವಿಚಾರಣೆ ಶುರುವಾಗುವ ಮೊದಲು ತಿದ್ದುಪಡಿ ಸಿಗುವುದು ಸುಲಭ. ಶುರುವಾದ ಮೇಲೆ, ಎಷ್ಟು ಎಚ್ಚರವಹಿಸಿದರೂ ಮೊದಲೇ ಕೇಳಲು ಆಗುತ್ತಿರಲಿಲ್ಲ ಅಂತ ತೋರಿಸಬೇಕಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಬರಹದ ಆಧಾರ ಇರುವ ಕೈಸಾಲದ ದಾವೆಯನ್ನು ಒಬ್ಬರೇ ನಡೆಸಬಹುದು. ವಿಭಾಗದ ದಾವೆ, ಮಾಲೀಕತ್ವದ ದಾವೆಗೆ ಒಬ್ಬರೇ ಹೋಗಬೇಡಿ. ಹಣವಿಲ್ಲ ಅಂತ ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12ರಲ್ಲಿ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮುಂತಾದವರಿಗೆ ಉಚಿತ ವಕೀಲರ ನೆರವು ಇದೆ. ಉಳಿದವರಿಗೆ ಆದಾಯದ ಮಿತಿ ನೋಡುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ವಾದಪತ್ರ ಸಲ್ಲಿಸುವ ಮೊದಲೇ ಹೋದರೆ ಒಳ್ಳೆಯದು.

ಹಂತ 10: ತಿರಸ್ಕಾರವೇ ಆಗಿದ್ದರೆ

ಅದೇ ದಿನ ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ತಿರಸ್ಕಾರದ ಆದೇಶವನ್ನು ಕಾನೂನು ಡಿಕ್ರಿ (ದಾವೆಯನ್ನು ತೀರ್ಮಾನಿಸುವ ಕೋರ್ಟಿನ ವಿಧಿವತ್ತಾದ ಆದೇಶ) ಎಂದೇ ಪರಿಗಣಿಸುತ್ತದೆ, ಹಾಗಾಗಿ ಮೇಲ್ಮನವಿ ಹಾಕಬಹುದು. ಮೇಲ್ಮನವಿ ಹೈಕೋರ್ಟಿಗಾದರೆ 90 ದಿನ, ಬೇರೆ ಕೋರ್ಟಿಗಾದರೆ 30 ದಿನ. ನಕಲು ಪಡೆಯಲು ಹಿಡಿದ ಸಮಯ ಈ ಲೆಕ್ಕಕ್ಕೆ ಸೇರುವುದಿಲ್ಲ.

ಇನ್ನೊಂದು ದಾರಿ ಹೊಸ ವಾದಪತ್ರ. ಆರ್ಡರ್ 7 ರೂಲ್ 13 ಇದಕ್ಕೆ ಅವಕಾಶ ಕೊಡುತ್ತದೆ. ಬರವಣಿಗೆ ಅಸ್ಪಷ್ಟ ಅನ್ನುವ ಕಾರಣಕ್ಕೆ ತಿರಸ್ಕಾರ ಆಗಿದ್ದು, ಕಾಲಮಿತಿ ಇನ್ನೂ ಉಳಿದಿದ್ದರೆ ಇದೇ ಬೇಗ ಮುಗಿಯುವ ದಾರಿ. ಅವಧಿ ಮೀರಿದೆ ಅಥವಾ ಕಾನೂನಿನ ತಡೆ ಇದೆ ಅಂತ ತಿರಸ್ಕರಿಸಿದ್ದರೆ ಹೊಸದು ಹಾಕಿ ಪ್ರಯೋಜನವಿಲ್ಲ, ಆದೇಶ ತಪ್ಪು ಅನ್ನಿಸಿದರೆ ಮೇಲ್ಮನವಿಯೇ ಸರಿ. ಮೊದಲ ದಾವೆ ನಡೆದಷ್ಟು ದಿನ ಗಡಿಯಾರ ನಿಂತಿತ್ತು ಅಂತ ಮಾತ್ರ ತಿಳಿಯಬೇಡಿ. ವ್ಯಾಪ್ತಿ ಇಲ್ಲದ ಕೋರ್ಟಿನಲ್ಲಿ ಪ್ರಾಮಾಣಿಕವಾಗಿ ಕಳೆದ ಸಮಯಕ್ಕೆ ಲಿಮಿಟೇಶನ್ ಕಾಯ್ದೆಯ ಸೆಕ್ಷನ್ 14ರಲ್ಲಿ ರಿಯಾಯಿತಿ ಇದೆ. ವ್ಯಾಜ್ಯಕಾರಣ ಬರೆಯದೆ ಕಳೆದ ಸಮಯಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ.

ಹೊಸ ವಾದಪತ್ರದಲ್ಲಿ ಹಿಂದಿನ ಓ.ಎಸ್. ನಂಬರ್, ತಿರಸ್ಕಾರದ ದಿನಾಂಕ ಮತ್ತು ಕಾರಣವನ್ನು ಒಂದು ಪ್ಯಾರಾದಲ್ಲಿ ಹೇಳಿ, ಆ ಆದೇಶದ ಪ್ರತಿಯನ್ನೂ ದಾಖಲೆಗಳ ಪಟ್ಟಿಗೆ ಸೇರಿಸಿ. ಮುಚ್ಚಿಟ್ಟರೆ ಎದುರಿನವರು ಅದನ್ನು ತಂದೇ ತರುತ್ತಾರೆ.